ಕೋಳಿಯ ಹೊಟ್ಟೆಯೊಳಗಿನ ಬೆರಳು

ಹೋದ ವಾರ ಕೋಲಾರದ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ಮಡಕೆ ಆರಿಸುತ್ತಿದ್ದಳು. ಕಂಠ ಹಿಡಿದು ಎತ್ತಿ, ಬೆರಳ ಗೆಣ್ಣಿನಿಂದ ಹೊಟ್ಟೆಗೆ ಮೂರು ಸಲ ಕುಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡಳು. ಮೊದಲನೆಯದು ಠಣ್ ಎಂದಿತು. ಎರಡನೆಯದು ಬೊದ್ ಎಂದಿತು. ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇತ್ತು. ಅವಳು ಅದನ್ನು ಪಕ್ಕಕ್ಕಿಟ್ಟು ಮೂರನೆಯದಕ್ಕೆ ಕೈ ಹಾಕಿದಳು. ಬದನೆಕಾಯಿ ತರಲು ಹೋಗಿದ್ದ ನಾನು ಖಾಲಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೊದ್ ಎಂಬ ಆ ಸದ್ದು ನನ್ನನ್ನು ಅರವತ್ತು ವರ್ಷ ಹಿಂದಕ್ಕೆ, ಕ್ಯಾಲನೂರಿನಿಂದ ಒಂದು ಹರದಾರಿ ದೂರದ ನಮ್ಮ ಊರಿಗೆ, ನಮ್ಮ ಅಂಗಳಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಅಪ್ಪ ಸುಟ್ಟ ಮಡಕೆಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದನ್ನೂ ಹೀಗೆಯೇ ಕುಟ್ಟಿ ಕೇಳುತ್ತಿದ್ದ. ಗಟ್ಟಿ ಇದ್ದದ್ದು ಬಲಕ್ಕೆ, ಬಿರುಕು ಬಿಟ್ಟದ್ದು ಎಡಕ್ಕೆ. ಯಾವ ಮಡಕೆಯನ್ನೂ ಕುಟ್ಟಿ ಕೇಳದೆ ಅವನು ತಳ್ಳಿಹಾಕಿದ್ದನ್ನು ನಾನು ನೋಡಿಲ್ಲ. ಮಡಕೆಯನ್ನು ಕೇಳುವಷ್ಟು ತಾಳ್ಮೆ ಇದ್ದ ಆ ಮನೆಯಲ್ಲಿ ಒಂದು ಹೆಣ್ಣುಮಗುವನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಆ ಉರಿಯ ಮುಕ್ಕಾಲು ಪಾಲು ನನ್ನ ಮೇಲೆಯೇ. ಯಾಕೆಂದು ಹೇಳುತ್ತೇನೆ.

ನಮ್ಮದು ಕುಂಬಾರರ ಮನೆ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಎದುರಿಗೆ ಒಂದು ಹುಣಸೆಮರ. ಮರದ ನೆರಳಲ್ಲಿ ಅಪ್ಪನ ತಿಗರಿ. ಬಂಡಿಯ ಚಕ್ರದಷ್ಟು ಅಗಲದ ಅದನ್ನು ಅಪ್ಪ ಕೋಲು ಹಾಕಿ ಗಿರ್ರನೆ ತಿರುಗಿಸಿ ಬಿಟ್ಟರೆ, ಒಂದು ಮಡಕೆ ಎದ್ದು ನಿಲ್ಲುವವರೆಗೆ ತಾನಾಗಿ ಸುತ್ತುತ್ತಿತ್ತು. ಕೆರೆ ಬತ್ತುವ ತಿಂಗಳಲ್ಲಿ ಗಾಡಿಯಲ್ಲಿ ಜೇಡಿಮಣ್ಣು ಬಂದು ಬೀಳುತ್ತಿತ್ತು. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ನೆನೆಹಾಕಿ, ಬೂದಿ ಬೆರೆಸಿ ತುಳಿಯಬೇಕು. ಮನೆಯೊಳಗೆ ಯಾವಾಗಲೂ ನೆನೆದ ಮಣ್ಣಿನ ತಂಪು ವಾಸನೆ. ಅದರ ಮೇಲೆ ಬೆಳಿಗ್ಗೆ ಸಗಣಿಯ ವಾಸನೆ, ಮಧ್ಯಾಹ್ನ ಮುದ್ದೆಗೆ ಕುದಿಯುವ ರಾಗಿಹಿಟ್ಟಿನ ವಾಸನೆ, ಆವಿಗೆ ಹೊತ್ತಿಸಿದ ದಿನ ಹುಲ್ಲು ಮತ್ತು ಬೆರಣಿಯ ಹೊಗೆ. ಆವಿಗೆ ಎಂದರೆ ಮಡಕೆ ಸುಡುವ ಜಾಗ, ಹಿತ್ತಿಲಲ್ಲಿ ಒಂದು ತಗ್ಗು, ಅಷ್ಟೆ. ಹಸಿ ಮಡಕೆಗಳನ್ನು ಒಂದರ ಮೇಲೊಂದು ಒಟ್ಟಿ, ನಡುವೆ ಬೆರಣಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮೆತ್ತಿ ಬೆಂಕಿ ಇಡುತ್ತಿದ್ದರು. ತಿಗರಿಯ ಮುಂದೆ ಕೂರುವುದು ಗಂಡಸರು ಮಾತ್ರ. ಹೆಂಗಸರು ಮಣ್ಣು ತುಳಿಯಬೇಕು, ಮಡಕೆಯ ತಳವನ್ನು ಹಲಗೆಯಿಂದ ತಟ್ಟಿ ದುಂಡಗೆ ಮಾಡಬೇಕು, ಮದುವೆಯ ಮಡಕೆಗೆ ಚಿತ್ತಾರ ಬರೆಯಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಅಜ್ಜಿ ಇದ್ದಳು, ಸಾಕಿತ್ತು. ಅಪ್ಪನ ತಾಯಿಯಾದ ಈ ಅಜ್ಜಿ ಮುಳಬಾಗಿಲಿನ ಕಡೆಯವಳು. ಸಮಾಧಾನವಾಗಿದ್ದಾಗ ಕನ್ನಡ, ಕೋಪ ಬಂದಾಗ ತೆಲುಗು. ಅವಳ ಬಾಯಲ್ಲಿ ತೆಲುಗು ಕೇಳಿಸಿದರೆ ಅಪ್ಪನೂ ತಿಗರಿ ನಿಲ್ಲಿಸಿ ತಲೆ ತಗ್ಗಿಸುತ್ತಿದ್ದ.

ನಂಜಿ ನನ್ನ ತಂಗಿ, ನನಗಿಂತ ಮೂರು ವರ್ಷ ಚಿಕ್ಕವಳು. ಅಪ್ಪನ ತಿಗರಿಯಿಂದ ಸಿಡಿದು ಬೀಳುವ ಮಣ್ಣೆಲ್ಲ ಅವಳದು. ಅದನ್ನು ಹುಣಸೆಮರದ ಬೇರಿನ ಸಂದಿಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಟ್ಟುಕೊಳ್ಳುತ್ತಿದ್ದಳು. ಅವಳು ಮಾಡುತ್ತಿದ್ದ ಪ್ರಾಣಿಗಳನ್ನು ಗೊಂಬೆ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಗೊಂಬೆಗಳು ಸುಮ್ಮನೆ ನಿಲ್ಲುತ್ತವೆ. ಇವಳ ಕೋಳಿ ಈಗಷ್ಟೇ ಯಾರೋ ಓಡಿಸಿದಂತೆ ಕತ್ತು ಮುಂದೆ ಚಾಚಿರುತ್ತಿತ್ತು. ಇವಳ ಎಮ್ಮೆ ಕೆರೆಯಿಂದ ಏಳಲು ಮನಸ್ಸಿಲ್ಲದೆ ಅರ್ಧ ಎದ್ದು ಹಾಗೆಯೇ ಉಳಿದಿರುತ್ತಿತ್ತು. ಒಂದು ಸಲ ನಮ್ಮ ಅಜ್ಜಿಯನ್ನೇ ಮಾಡಿಬಿಟ್ಟಿದ್ದಳು, ಎಲೆ ಅಡಿಕೆ ಕುಟ್ಟುತ್ತಾ ಕೂತ ಅಜ್ಜಿಯನ್ನು. ಬಾಯಿ ಒಂದು ಕಡೆ ಉಬ್ಬಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಅಜ್ಜಿ ಬರುವ ಸದ್ದು ಕೇಳಿ ಅದನ್ನು ತಟ್ಟನೆ ಹಿಸುಕಿ ಮುದ್ದೆ ಮಾಡಿದಳು. ನಂಜಿ ಅಳಲಿಲ್ಲ. ಅದೇ ಮುದ್ದೆಯಿಂದ ಒಂದು ಆಮೆ ಮಾಡಿದಳು.

ಒಂದು ವಿಷಯವನ್ನು ಮಾತ್ರ ಅವಳು ಎಂದೂ ಮರೆಯುತ್ತಿರಲಿಲ್ಲ. ಮಣ್ಣನ್ನು ಬೆರಳಿಗೆ ಸುತ್ತಿಕೊಂಡೇ ಮಾಡುತ್ತಿದ್ದಳು, ಬೆರಳು ಹೊರಗೆ ಬಂದ ಮೇಲೆ ಒಳಗೆ ಟೊಳ್ಳು ಉಳಿಯುತ್ತಿತ್ತು. ಹೊಟ್ಟೆಯ ಕೆಳಗೆ ಒಂದು ತೂತು. ಗಟ್ಟಿ ಮಣ್ಣಿನ ಉಂಡೆ ಬೆಂಕಿಗೆ ಬಿದ್ದರೆ ಒಳಗಿನ ಹಸಿ ಆವಿಯಾಗಿ, ಹೊರಗೆ ಬರಲು ದಾರಿ ಇಲ್ಲದೆ ಸಿಡಿಯುತ್ತದೆ, ಪಕ್ಕದಲ್ಲಿದ್ದದ್ದನ್ನೂ ಸಿಡಿಸುತ್ತದೆ. ಇದನ್ನು ಅಪ್ಪ ಅವಳಿಗೆ ಹೇಳಿಕೊಟ್ಟಿದ್ದ. ಅವಳು ಅದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡಿದ್ದಳು. "ಬೆಂಕೀಲಿ ಇರೋವಾಗ ಅವಕ್ಕೂ ಉಸಿರಾಡ್ಬೇಕಲ್ವಾ" ಅನ್ನುತ್ತಿದ್ದಳು. ಅಮ್ಮ ಆವಿಗೆ ಒಟ್ಟುವಾಗ ಮಡಕೆಗಳ ಸಂದಿಯಲ್ಲಿ ನಂಜಿಯ ಪ್ರಾಣಿಗಳಿಗೂ ಜಾಗ ಮಾಡುತ್ತಿದ್ದಳು. ಅಜ್ಜಿ ಗೊಣಗುತ್ತಿದ್ದಳು, ಅಪ್ಪ ಕೇಳಿಸದವನಂತೆ ಇರುತ್ತಿದ್ದ. ಮೂರು ವರ್ಷದಲ್ಲಿ ಅವಳ ಒಂದೇ ಒಂದು ಪ್ರಾಣಿಯೂ ಸಿಡಿದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಮ್ಮ ಮನೆಯವರು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ನನಗೆ ಹನ್ನೆರಡು ತುಂಬಿದಾಗ ಕೂಲಿಮಠದ ಓದು ಬಿಡಿಸಿ ಅಪ್ಪ ನನ್ನನ್ನು ತಿಗರಿಯ ಮುಂದೆ ಕೂರಿಸಿದ. ನನ್ನ ಕೈಗೆ ಮಣ್ಣು ಒಲಿಯಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎದ್ದಂತೆ ಎದ್ದು ಕುಸಿದು ಕೂರುವ ಕಂಠ. ಒಂದು ದಿನ ಅಪ್ಪ ನನ್ನ ಕುಸಿದ ಮಡಕೆಯನ್ನು ನೋಡಿ, ಆಮೇಲೆ ಮರದ ಬೇರಿನ ಮೇಲೆ ಒಣಗುತ್ತಿದ್ದ ನಂಜಿಯ ಗಿಳಿಯನ್ನು ನೋಡಿ, "ಇವಳು ಗಂಡಾಗಿದ್ರೆ ನಂಗೆ ಚಿಂತೆ ಇರ್ತಿರ್ಲಿಲ್ಲ" ಅಂದ. ಬೈಯಲಿಲ್ಲ, ಸುಮ್ಮನೆ ತನಗೆ ತಾನೇ ಹೇಳಿಕೊಂಡ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಮಾತು ನನ್ನೊಳಗೆ ಕೂತುಕೊಂಡಿತು. ನಂಜಿಗಿಂತ ದೊಡ್ಡದಾದ, ಊರೆಲ್ಲ ನೋಡಿ ಬೆರಗಾಗುವಂಥ ಒಂದು ಬಸವನನ್ನು ಮಾಡಿ ತೋರಿಸುತ್ತೇನೆಂದು ಹಟ ಹಿಡಿದೆ. ಎರಡು ಕೈ ಸೇರಿಸಿ ಹಿಡಿಯಬೇಕಾದಷ್ಟು ದೊಡ್ಡ ಬಸವ. ಡುಬ್ಬ, ಕೊಂಬು, ಕೊರಳಿಗೆ ಗಂಟೆ. ಎಲ್ಲವೂ ಗಟ್ಟಿ ಮಣ್ಣು. ನಂಜಿ ಬಂದು ಕೂತು ನೋಡಿದಳು. ಚೆನ್ನಾಗಿದೆ ಅಂದಳು. ನಿಜವಾಗಿ ಚೆನ್ನಾಗಿತ್ತೋ ಇಲ್ಲವೋ ಗೊತ್ತಿಲ್ಲ, ಅವಳು ಅಂದಳು. ಆಮೇಲೆ ಮೆಲ್ಲಗೆ, "ಹೊಟ್ಟೆ ತೆಗ್ದುಬಿಡು ಅಣ್ಣ, ಇಲ್ದಿದ್ರೆ ಸಿಡಿಯುತ್ತೆ" ಅಂದಳು. ಒಂಬತ್ತು ವರ್ಷದ ಹುಡುಗಿಯಿಂದ ನಾನು ಕಲಿಯಬೇಕೇ ಎಂದು ನನಗೆ ರೇಗಿತು. ಹೊಟ್ಟೆ ತೆಗೆಯಲು ಹೋದರೆ ಬಸವನ ಆಕಾರ ಎಲ್ಲಿ ಕೆಡುತ್ತದೋ ಎಂಬ ಭಯವೂ ಇತ್ತು. ಅವಳು ಅತ್ತ ಹೋದ ಮೇಲೆ ಒಂದು ಕಡ್ಡಿ ತೆಗೆದುಕೊಂಡು ಬಸವನ ಹೊಟ್ಟೆಯ ಕೆಳಗೆ ಅರ್ಧ ಬೆರಳಷ್ಟು ಚುಚ್ಚಿದೆ. ಮಾರನೆಯ ದಿನ ಬಸವನನ್ನು ಮಗುಚಿ ಅವಳಿಗೆ ತೋರಿಸಿದೆ. ನೋಡು, ತೂತು ಇದೆ, ತೆಗೆದಿದ್ದೇನೆ ಅಂದೆ. ಅವಳು ನಂಬಿದಳು. ಅಣ್ಣನನ್ನು ನಂಬದೆ ಇನ್ನಾರನ್ನು ನಂಬಿಯಾಳು?

ಆ ಸಲದ ಆವಿಗೆಯಲ್ಲಿ ಇದ್ದದ್ದು ಅರಿವೇಣಿ. ಮದುವೆಯ ಮಡಕೆಗಳನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮದುವೆಯ ಮನೆಯವರು ವಾದ್ಯ ಊದಿಸಿಕೊಂಡು ಕುಂಬಾರರ ಮನೆಗೆ ಬಂದು, ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಮಡಕೆಗಳಿಗೆ ಅರಿಶಿನ ಕುಂಕುಮ ಇಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಮದುವೆಗೆ ಮೊದಲು ಅದು ಒಡೆಯಬಾರದು. ಆ ಸಲ ಪಟೇಲರ ಮಗಳ ಮದುವೆ, ನಾಲ್ಕು ದಿನ ಉಳಿದಿತ್ತು. ಅಮ್ಮ ಒಟ್ಟಿ ಮುಗಿಸಿ ಕೈ ತೊಳೆಯಲು ಹೋದಾಗ ನಾನು ಹುಲ್ಲು ಸರಿಸಿ, ಅರಿವೇಣಿಯ ನಡುವೆ, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ನನ್ನ ಬಸವನನ್ನು ಇಟ್ಟೆ. ಅದು ನೆರಳಲ್ಲಿ ಒಣಗಿದ್ದು ನಾಲ್ಕೇ ದಿನ. ಒಳಗೆ ಇನ್ನೂ ಹಸಿಯಾಗಿತ್ತು. ಸಂಜೆ ಅಪ್ಪ ಬೆಂಕಿ ಇಟ್ಟ. ಹೊಗೆ ಬೆಳ್ಳಗಿದ್ದದ್ದು ನೀಲಿಗೆ ತಿರುಗುವ ಹೊತ್ತಿಗೆ ಒಳಗಿಂದ ಡಬ್ ಎಂದಿತು, ಹಿಂದೆಯೇ ಚಟಚಟ ಎಂದು ಸಾಲಾಗಿ ಒಡೆಯುವ ಸದ್ದು. ಅಪ್ಪ ಕೂತಲ್ಲಿಂದ ಏಳಲಿಲ್ಲ. ಎದ್ದು ಮಾಡುವುದೇನೂ ಇರಲಿಲ್ಲ. ಉರಿಯುವ ಆವಿಗೆಯನ್ನು ತೆರೆಯುವಂತಿಲ್ಲ.

ಬೆಳಿಗ್ಗೆ ಬೂದಿ ಸರಿಸಿದಾಗ ಅರಿವೇಣಿಯಲ್ಲಿ ಎರಡು ಮಾತ್ರ ಉಳಿದಿದ್ದವು. ಕುಟ್ಟಿದರೆ ಎರಡೂ ಬೊದ್ ಅಂದವು. ಚೂರುಗಳ ನಡುವೆ ನಂಜಿಯ ಗಿಳಿಯ ರೆಕ್ಕೆ, ಮಂಗನ ತಲೆ ಬಿದ್ದಿದ್ದವು. ಅಜ್ಜಿ ಮಂಗನ ತಲೆಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಇನ್ನೇನು ಬೇಕು? ಸಾಕ್ಷಿ ಸಿಕ್ಕಿಬಿಟ್ಟಿತು. ಅಜ್ಜಿ ತೆಲುಗಿಗೆ ತಿರುಗಿದಳು. "ಈ ಪಿಲ್ಲ ಚೆಯ್ಯಿ ಮಟ್ಟಿಕಿ ತಗಲಕೂಡದು" ಅಂದಳು. ಈ ಹುಡುಗಿಯ ಕೈ ಇನ್ನು ಮಣ್ಣಿಗೆ ತಾಗಕೂಡದು. ನಂಜಿ, ತಾನು ಎಲ್ಲದರ ಹೊಟ್ಟೆಯನ್ನೂ ತೆಗೆದಿದ್ದೆನೆಂದಳು. ಎರಡು ಸಲ ಅಂದಳು. ಮೂರನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ಅಪ್ಪನ ಕೈ ಅವಳ ಕೆನ್ನೆಗೆ ಬಿದ್ದಿತ್ತು. ಅಪ್ಪ ಅವಳಿಗೆ ಹೊಡೆದದ್ದು ಅದೇ ಮೊದಲು. ಅಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಮೂವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದ ಮನುಷ್ಯ ನಮ್ಮಪ್ಪ. ಬಗ್ಗಿ ಒಂದು ಹಿಡಿ ಚೂರು ಎತ್ತಿ ನೋಡಿದ್ದರೆ ಸಾಕಾಗಿತ್ತು. ಟೊಳ್ಳು ಪ್ರಾಣಿಯ ಚೂರು ಚಿಪ್ಪಿನಂತೆ ತೆಳ್ಳಗಿರುತ್ತದೆ. ಅಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಚೂರುಗಳು ಬಿದ್ದಿದ್ದವು; ಹೊರಗೆ ಕೆಂಪು, ಒಳಗೆ ಬೇಯದ ಕಪ್ಪು. ಅವು ಯಾವ ಮಡಕೆಯವೂ ಅಲ್ಲ, ಯಾವ ಗಿಳಿಯವೂ ಅಲ್ಲ. ಕುರುಡನೂ ಮುಟ್ಟಿ ಹೇಳಬಹುದಾಗಿತ್ತು. ಅಪ್ಪ ಬಗ್ಗಲಿಲ್ಲ. ಅಪರಾಧಿ ಯಾರೆಂದು ಮೊದಲೇ ತೀರ್ಮಾನವಾಗಿತ್ತು, ಯಾಕೆಂದರೆ ಆಟವಾಡಿದ್ದು ಅವಳು. ಆಟವಾಡುವ ಕೈಯಿಂದಲೇ ಕೆಡುಕು ಬರುತ್ತದೆಂದು ಆ ಮನೆ ನಂಬಿತ್ತು. ಮತ್ತು ನಾನು? ನಾನು ಪೊರಕೆ ತಂದೆ. ಅಂಗಳ ಗುಡಿಸುವ ಒಳ್ಳೆಯ ಹುಡುಗನಂತೆ ಮೊದಲು ಆ ದಪ್ಪ ಚೂರುಗಳನ್ನೇ ಬುಟ್ಟಿಗೆ ತುಂಬಿ, ಹಿತ್ತಿಲಲ್ಲಿದ್ದ ಒಡಕು ಬೋಕಿಯ ಗುಡ್ಡೆಯ ಅಡಿಗೆ ಸೇರುವಂತೆ ಸುರಿದು ಬಂದೆ. ಅಜ್ಜಿ ನನ್ನ ತಲೆ ಸವರಿ, ಇವನಾದರೂ ಇದ್ದಾನಲ್ಲ ಅಂದಳು. ಆ ಕೈಯ ಭಾರ ಇವತ್ತಿಗೂ ನನ್ನ ನೆತ್ತಿಯ ಮೇಲಿದೆ.

ಅಪ್ಪ ಅದೇ ಬೆಳಿಗ್ಗೆ ಸುಗಟೂರಿನ ನೆಂಟರ ಮನೆಗೆ ನಡೆದು ಹೋಗಿ ಸುಟ್ಟ ಮಡಕೆ ತಂದ. ಅಮ್ಮ ಒಬ್ಬಳೇ ಕೂತು ಚಿತ್ತಾರ ಬರೆದಳು. ಪ್ರತಿ ಸಲ ಹಂಸ ಬರೆಯುವುದು ನಂಜಿಯ ಕೆಲಸವಾಗಿತ್ತು; ಈ ಸಲ ಹಂಸಗಳು ಬಾತುಗಳಾದವು. ಮದುವೆಯವರು ಬಂದರು, ವಾದ್ಯ ಊದಿದರು, ಹೊತ್ತುಕೊಂಡು ಹೋದರು. ಪಟೇಲರ ಮಗಳು ನಾಲ್ಕು ಮಕ್ಕಳನ್ನು ಹೆತ್ತು ಸುಖವಾಗಿ ಬಾಳಿದಳು. ಯಾರಿಗೂ ಏನೂ ಆಗಲಿಲ್ಲ, ನಮ್ಮ ನಂಜಿಯ ಹೊರತು. ಮನೆಯ ಮೂಲೆ ಮೂಲೆಯಲ್ಲಿದ್ದ ಅವಳ ಹಳೆಯ ಪ್ರಾಣಿಗಳನ್ನೆಲ್ಲ ಅಜ್ಜಿ ಒಂದು ಕಡೆ ಸೇರಿಸಿ ಒನಕೆಯಿಂದ ಕುಟ್ಟಿದಳು. ನಂಜಿ ಏಳು ವರ್ಷದವಳಿದ್ದಾಗ ಮಾಡಿದ ಒಂದು ಕೋಳಿಯನ್ನು ಮಾತ್ರ ನಾನು ಕದ್ದು ಅಟ್ಟದ ಮೇಲಿನ ಹಳೆಯ ಗುಡಾಣದಲ್ಲಿ ರಾಗಿಯ ಹೊಟ್ಟಿನೊಳಗೆ ಹುದುಗಿಸಿಟ್ಟೆ. ಅದನ್ನು ಕನಿಕರ ಅಂದುಕೊಳ್ಳಬೇಡಿ. ಕಳ್ಳನಿಗೂ ಕದ್ದ ಮನೆಯದೊಂದು ವಸ್ತು ಇಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಅಲ್ಲಿಂದ ಮುಂದೆ ನಂಜಿಗೆ ಕಾಲಲ್ಲಿ ಮಣ್ಣು ತುಳಿಯುವುದಕ್ಕೆ ಮಾತ್ರ ಅಪ್ಪಣೆ. ಕೈ ಆಗದು, ಕಾಲು ಆಗಬಹುದು. ಇದೆಂಥ ಕಟ್ಟಳೆ ನೋಡಿ. ಅವಳು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಅಂಗಳದ ಆ ಕೊನೆಯಿಂದ ಈ ಕೊನೆಗೆ ಮಣ್ಣು ತುಳಿಯುತ್ತಿದ್ದಳು. ನಾನು ತಿಗರಿಯ ಮುಂದೆ ಕೂತು ಅವಳು ತುಳಿದ ಮಣ್ಣಿನಿಂದ ಮಡಕೆ ಮಾಡಲು ಕಲಿತೆ. ಬರಬರುತ್ತಾ ಕೈ ಕೂತಿತು. ಆದರೆ ಒಂದು ಮಾತು ಹೇಳುತ್ತೇನೆ. ನಲವತ್ತು ವರ್ಷ ನಾನು ಮಾಡಿದ್ದು ಅಪ್ಪ ಮಾಡುತ್ತಿದ್ದ ಮಡಕೆಯನ್ನೇ. ಅದೇ ಕಂಠ, ಅದೇ ಹೊಟ್ಟೆ. ಹೊಸದೊಂದು ಅಂಚು ಮಡಿಸಿದವನಲ್ಲ, ಒಂದು ಹಕ್ಕಿಯನ್ನು ಮಾಡಿದವನಲ್ಲ. ಅವಳ ಕೈಯನ್ನು ಕಟ್ಟಿಹಾಕಿದ ದಿನ ನನ್ನ ಕೈಯೂ ಅದರ ಜೊತೆಗೇ ಸತ್ತಿತ್ತು, ನನಗೆ ತಿಳಿದಿರಲಿಲ್ಲ ಅಷ್ಟೆ.

ಹದಿನಾಲ್ಕಕ್ಕೆ ಅವಳನ್ನು ಮಾಲೂರಿಗೆ ಕೊಟ್ಟರು. ಗಂಡನ ಮನೆಯವರೂ ಕುಂಬಾರರೇ, ಆದರೆ ತಿಗರಿ ಬಿಟ್ಟು ಹೆಂಚಿನ ಕಾರ್ಖಾನೆಗೆ ಸೇರಿದ್ದರು. ಭಾವ ಅಚ್ಚು ಒತ್ತುತ್ತಿದ್ದ, ಇವಳು ಹಸಿ ಹೆಂಚುಗಳನ್ನು ಹಲಗೆಯ ಸಮೇತ ಹೊತ್ತು ಸಾಲಾಗಿ ಒಣಗಲು ಇಡುತ್ತಿದ್ದಳು. ಒಮ್ಮೆ ನಾನು, ಬೇಸರವಾಗುವುದಿಲ್ಲವೇ, ಎಲ್ಲ ಒಂದೇ ತರ ಇರುತ್ತದಲ್ಲ ಎಂದು ಕೇಳಿದ್ದೆ. ಅಚ್ಚು ಇದ್ದರೆ ಭಯವಿಲ್ಲ, ತಪ್ಪಾದರೆ ಅದು ಅಚ್ಚಿನ ತಪ್ಪು ಎಂದಿದ್ದಳು. ಆ ಮಾತಿನ ಅರ್ಥ ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗದವನಂತೆ ಎಲೆ ಅಡಿಕೆ ಹಾಕಿಕೊಂಡು ಊರಿಗೆ ಬಂದಿದ್ದೆ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಅಮ್ಮ ಹಪ್ಪಳ ಕೊಟ್ಟು ನನ್ನನ್ನು ಮಾಲೂರಿಗೆ ಕಳಿಸಿದಳು. ಆಗೆಲ್ಲ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು, ಏರು ಬಂದರೆ ಇಳಿದು ತಳ್ಳಬೇಕು. ಹೊರಡುವಾಗ ಏನನ್ನಿಸಿತೋ, ಅಟ್ಟ ಹತ್ತಿ ಗುಡಾಣದಿಂದ ಆ ಕೋಳಿಯನ್ನು ತೆಗೆದು ಟವಲಿನಲ್ಲಿ ಸುತ್ತಿಕೊಂಡೆ. ನಂಜಿಗೆ ನಾಲ್ಕು ವರ್ಷದ ಮಗಳಿದ್ದಳು, ಪುಟ್ಟಿ. ಅವಳಿಗೆ ಆಟಕ್ಕಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಕೋಳಿಯನ್ನು ನೋಡಿ ನಂಜಿಯ ಮುಖ ಬಿಗಿಯಿತು. ಎಲ್ಲಿತ್ತು ಇದು ಎಂದಳು. ಗುಡಾಣದಲ್ಲಿ ಸಿಕ್ಕಿತು ಎಂದೆ. ಅವಳು ಅದನ್ನು ಮುಟ್ಟಲಿಲ್ಲ, ಒಳಗೆ ಹೋಗಿ ಒಲೆ ಊದತೊಡಗಿದಳು. ಪುಟ್ಟಿ ಕೋಳಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ಹೆಂಚಿನ ಮಣ್ಣು ಒಂದು ಗುಡ್ಡೆ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಒಂದು ಹಿಡಿ ಮಣ್ಣು ತೆಗೆದು, ಕೋಳಿಯನ್ನು ಎದುರಿಗಿಟ್ಟುಕೊಂಡು, ನಾಲಿಗೆಯ ತುದಿ ಹೊರಗೆ ಹಾಕಿ, ಇನ್ನೊಂದು ಕೋಳಿ ಮಾಡುತ್ತಿದ್ದಳು. ನಾಲಿಗೆಯನ್ನು ಹಾಗೆ ಹೊರಗೆ ಹಾಕುವುದು ನಂಜಿಯ ಅಭ್ಯಾಸವಾಗಿತ್ತು. ನಂಜಿ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ನೇರ ಹೋಗಿ ಮಗುವಿನ ಕೈಗೆ ಪಟ್ಟನೆ ಹೊಡೆದಳು. "ಮಣ್ಣು ಮುಟ್ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ನಮ್ ಕೈಗೆ ಅದು ಆಗ್ಬರಲ್ಲ ಕಣೇ" ಅಂದಳು.

ಅಜ್ಜಿಯ ತೀರ್ಪು ಇನ್ನೊಂದು ಮಗುವಿನ ಕೈಯ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಆಗ ಬಾಯಿ ತೆರೆಯಿತು. ಅದು ಧೈರ್ಯವಲ್ಲ, ಇನ್ನು ತಡೆಯಲಾಗಲಿಲ್ಲ, ಅಷ್ಟೆ. "ನಂಜಿ, ಅವತ್ತು ಸಿಡಿದಿದ್ದು ನಿನ್ದಲ್ಲ. ನನ್ ಬಸವ" ಅಂದೆ.

ಅವಳು ಮಗುವಿನ ಕೈ ಹಿಡಿದುಕೊಂಡೇ ನನ್ನನ್ನು ನೋಡಿದಳು. "ತೂತು ಇತ್ತಲ್ಲಣ್ಣ. ನೀನೇ ತೋರಿಸಿದ್ದೆ."

"ಕಡ್ಡಿ ಚುಚ್ಚಿದ್ದೆ. ಒಳಗೆ ಗಟ್ಟಿ."

ಅವಳು ನಿಧಾನವಾಗಿ ಹೊಸ್ತಿಲ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ಹತ್ತು ವರ್ಷ" ಅಂದಳು. "ಮಲಗಿದಾಗೆಲ್ಲ ಒಂದೊಂದನ್ನೇ ನೆನೆಸ್ಕೊಂಡು ನೋಡ್ತಿದ್ದೆ. ಗಿಳಿ ಹೊಟ್ಟೆ ತೆಗ್ದಿದ್ದೆ. ಆನೇದು ತೆಗ್ದಿದ್ದೆ. ಹಂಗಾದ್ರೆ ಮಂಗಂದೇ ಮರ್ತಿರ್ಬೇಕು, ನಂಗೇ ಗೊತ್ತಾಗ್ದೆ ಮರ್ತಿರ್ಬೇಕು ಅಂತ. ಸಾರಿಗೆ ಉಪ್ಪು ಹಾಕಿದ್ರೆ ಹಾಕಿದ್ನೋ ಇಲ್ವೋ ಅಂತ ಎರಡು ಸಲ ನೆಕ್ಕಿ ನೋಡ್ತೀನಿ. ಈ ಮಗೂನ ಹೆತ್ತಾಗ ಎತ್ಕೊಳ್ಳೋಕೆ ಹೆದರ್ತಿದ್ದೆ ಕಣಣ್ಣ, ನನ್ ಕೈಲಿ ಏನಾಗುತ್ತೋ ಅಂತ."

ನಾನು, ಆಗ ನಾನು ಚಿಕ್ಕ ಹುಡುಗ, ಹೆದರಿದ್ದೆ ಅಂತ ಏನೋ ತೊದಲಿದೆ.

"ಹನ್ನೆರಡು ವರ್ಷದವನು ಹೆದರಿದ್ದೆ. ಸರಿ, ಒಪ್ಕೊಂಡೆ. ಇಪ್ಪತ್ತು ವರ್ಷದವನು ಯಾರಿಗೆ ಹೆದರಿದ್ದೆ?"

ನಾನು ಬಗ್ಗಿ ಟವಲು ಮಡಿಸತೊಡಗಿದೆ. ಊಟಕ್ಕೆ ನಿಲ್ಲಬೇಡ, ಹೊರಡು ಎಂದಳು. ನಾನು ಜಗಲಿಗೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಒಳಗೆ ಪುಟ್ಟಿ ಅಳು ನಿಲ್ಲಿಸಿ ಕೋಳಿಯನ್ನು ಮಗುಚಿ ನೋಡುತ್ತಿದ್ದಳು. ಹೊಟ್ಟೆಯ ತೂತಿನೊಳಗೆ ತೋರುಬೆರಳು ತೂರಿಸಿದಳು. "ಅಮ್ಮ, ಇದ್ರೊಳಗೆ ಯಾರೋ ಬೆರಳಿಟ್ಟವ್ರೆ" ಅಂದಳು. ನಂಜಿ ಅದನ್ನು ಕಿತ್ತುಕೊಂಡಳು. ತನ್ನ ಬೆರಳು ಹಾಕಿ ನೋಡಿದಳು. ಮೊದಲ ಗೆಣ್ಣಿಗೇ ಸಿಕ್ಕಿಕೊಂಡಿತು. ಕಿರುಬೆರಳು ಹಾಕಿದಳು, ಅದೂ ಪೂರ್ತಿ ಹೋಗಲಿಲ್ಲ. ಕೋಳಿಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ತೂತಿನೊಳಗೆ ನೋಡಿದಳು. ಹೊರಗೆಲ್ಲ ನೀರು ಹಚ್ಚಿ ನುಣ್ಣಗೆ ತೀಡಿದ್ದರೂ ಒಳಗೆ ಯಾರು ತೀಡುತ್ತಾರೆ? ಏಳು ವರ್ಷದ ಬೆರಳಿನ ಗೆರೆಗಳು ಒತ್ತಿದಂತೆಯೇ ಸುಟ್ಟು ಗಟ್ಟಿಯಾಗಿ ಉಳಿದಿದ್ದವು. ಅಜ್ಜಿಯ ಒನಕೆ, ಅಪ್ಪನ ಕೈ, ನನ್ನ ಪೊರಕೆ ಯಾವುದೂ ಅಲ್ಲಿಗೆ ತಲುಪಿರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳಿಗೆ, "ಅದು ನಾನೇ ಕಣೇ" ಅಂದಳು.

ನಾನು ಬಸ್ ನಿಲ್ದಾಣಕ್ಕೆ ನಡೆದೆ. ಮೂರು ತಿಂಗಳ ಮೇಲೆ ಭಾವ ಊರಿಗೆ ಬಂದಾಗ ಹೇಳಿದ. ತಾಯಿ ಮಗಳು ಇಬ್ಬರೂ ಹಿತ್ತಿಲಲ್ಲಿ ಮಣ್ಣು ಮೆತ್ತಿಕೊಂಡು ಕೂತಿರುತ್ತಾರಂತೆ, ಸಾರು ಸೀದು ಹೋದದ್ದೂ ಗೊತ್ತಾಗುವುದಿಲ್ಲವಂತೆ. ಮೊದಲ ದಿನ ಅವಳ ಕೈಯಲ್ಲಿ ಏನೂ ಮೂಡಲಿಲ್ಲವಂತೆ. ಮಗು ಮಾಡಿದಂತೆ ಇವಳು ಮಾಡಿದಳಂತೆ, ಮಗುವಿನ ಹಿಂದೆ ಹಿಂದೆಯೇ ಹೋಗಿ ತನ್ನ ಕೈಯನ್ನು ಹುಡುಕಿಕೊಂಡಳಂತೆ. ಭಾವ ಅದನ್ನು ದೂರುವವನಂತೆ ಹೇಳುತ್ತಾ, ಹೇಳುತ್ತಾ, ನಗುತ್ತಿದ್ದ. ಹೆಂಚಿನ ಗೂಡಿನ ಒಂದು ಮೂಲೆಯಲ್ಲಿ ಅವಳ ಪ್ರಾಣಿಗಳಿಗೆ ಜಾಗ ಕೇಳಿ ಬಿಡಿಸಿಕೊಟ್ಟವನು ಅವನೇ.

ನನ್ನ ಜೊತೆ ಮಾತ್ರ ಅವಳು ಮಾತಾಡಲಿಲ್ಲ. ಎರಡು ವರ್ಷದ ಮೇಲೆ ನನ್ನ ಮದುವೆಗೆ ಬಂದಳು. ಬಂದವಳೇ ಕೈಕಾಲು ತೊಳೆದು, ಅಂಗಳದಲ್ಲಿ ಅಮ್ಮನ ಕೈಯಿಂದ ಸುಣ್ಣದ ಬಟ್ಟಲು ತೆಗೆದುಕೊಂಡು ಅರಿವೇಣಿಯ ಮುಂದೆ ಕೂತಳು. ಅಜ್ಜಿಗೆ ಆಗ ಕಣ್ಣು ಮಂಜು. ಜಗಲಿಯಿಂದಲೇ, ಯಾರದು ಮಡಕೆ ಮುಟ್ಟುತ್ತಿರುವುದು ಎಂದು ಕೇಳಿದಳು. "ನಾನು ಅಜ್ಜಿ, ನಂಜಿ. ಮುಟ್ಟಿದೀನಿ" ಅಂದಳು ನನ್ನ ತಂಗಿ, ತಲೆ ಎತ್ತದೆ. ಅಜ್ಜಿಯ ತುಟಿ ಅಲುಗಿತು. ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ. ನಾನು ಅರಿಶಿನ ಹಚ್ಚಿಸಿಕೊಂಡು ಹಸೆಯ ಮೇಲೆ ಕೂತಿದ್ದೆ. ಅಪ್ಪ ಅಲ್ಲೇ ಇದ್ದ, ಅಮ್ಮ ಇದ್ದಳು, ನೆಂಟರೆಲ್ಲ ಇದ್ದರು. ಅವತ್ತು ಒಂದು ಮಾತು ಹೇಳಬಹುದಾಗಿತ್ತು. ಆವಿಗೆ ಕೆಡಿಸಿದವನು ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ನಂಜಿ ಬರೆದು ಮುಗಿಸಿ ಎದ್ದಳು. ಹಂಸಗಳು ಹಂಸಗಳಾಗಿದ್ದವು. ಕೊನೆಯ ಮಡಕೆಯ ಮೇಲೆ ಮಾತ್ರ ಒಂದು ಬಸವ, ಡುಬ್ಬ, ಕೊಂಬು, ಕೊರಳಿಗೆ ಗಂಟೆ, ಹೊಟ್ಟೆಯ ನಡುವೆ ಕಪ್ಪನೆಯ ಒಂದು ತೂತು. ಹೆಂಗಸರು ನಕ್ಕರು. ಬಸವನ ಹೊಟ್ಟೆಗೆ ತೂತು ಯಾಕಮ್ಮ ಅಂದರು. "ಉಸಿರಾಡೋಕೆ" ಅಂದಳು, ಮತ್ತು ಆ ಎರಡು ವರ್ಷದಲ್ಲಿ ಮೊದಲ ಸಲ ನನ್ನ ಕಡೆ ನೋಡಿದಳು.

ಅಪ್ಪ ಸಾಯುವವರೆಗೂ ಆ ಆವಿಗೆಯನ್ನು ಮಗಳು ಕೆಡಿಸಿದಳೆಂದೇ ತಿಳಿದಿದ್ದ. ಅಮ್ಮನೂ ಹಾಗೆಯೇ ಹೋದಳು. ನಂಜಿಯೂ ಹೋಗಿ ಆರು ವರ್ಷವಾಯಿತು. ಅವಳು ಮಾಡಿದ ಪ್ರಾಣಿಗಳನ್ನು ಬೀದಿಯ ಮಕ್ಕಳಿಗೆಲ್ಲ ಕೊಟ್ಟುಬಿಡುತ್ತಿದ್ದಳು, ಅವು ಒಡೆದು ಹೋದವು, ಒಡೆಯಲೆಂದೇ ಕೊಡುತ್ತಿದ್ದಳು. ಕೋಳಿ ಪುಟ್ಟಿಯ ಬಳಿ ಇದೆ. ಮೊನ್ನೆ ಮೊಮ್ಮಗನ ಶಾಲೆಯಲ್ಲಿ ಯಾರೋ ಬಂದು, ದೊಡ್ಡವರು ಮತ್ತೆ ಮಕ್ಕಳಂತಾಗಬೇಕು, ಆಗ ಹೊಸದನ್ನು ಕಲ್ಪಿಸುವ ಶಕ್ತಿ ತಾನಾಗಿ ಬರುತ್ತದೆ ಎಂದು ಭಾಷಣ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಮಕ್ಕಳಂತಾಗಿ ಅನ್ನುವುದು ಸುಲಭ ಸ್ವಾಮಿ. ಆ ಮಗುವಿನ ಕೈಗೆ ಹೊಡೆದವರು ಯಾರು, ಹೊಡೆಯುವಾಗ ಸುಮ್ಮನೆ ನಿಂತವರು ಯಾರು, ಮೊದಲು ಅದನ್ನು ಹೇಳಿ. ಸುಮ್ಮನೆ ನಿಂತವನು ನಾನು ಎಂದು ಹೇಳುತ್ತಿದ್ದೇನೆ. ಅಂಗಳದಲ್ಲಿ ಹೇಳಬೇಕಾಗಿದ್ದದ್ದನ್ನು, ಅಂಗಳವೂ ಇಲ್ಲದ, ಕೇಳಬೇಕಾದವರೂ ಇಲ್ಲದ ಈಗ, ನಿಮಗೆ ಹೇಳುತ್ತಿದ್ದೇನೆ.

ಸಂತೆಯಿಂದ ಬಂದ ಮಾರನೆಯ ದಿನ ಕೆರೆಯಂಗಳಕ್ಕೆ ಹೋಗಿ ಒಂದು ಬೊಗಸೆ ಜೇಡಿಮಣ್ಣು ತಂದೆ. ಬಸವನನ್ನು ಮಾಡಲು ಕೂತೆ. ಕೊಂಬು ಒಂದು ಮೇಲೆ ಒಂದು ಕೆಳಗೆ ಬಂತು. ಮೊಮ್ಮಗ ನೋಡಿ, ತಾತ ಇದು ನಾಯಿಯಾ ಅಂದ. ನಾನು ಅದನ್ನು ಮಗುಚಿ, ಬೆರಳು ಹಾಕಿ, ನಿಧಾನವಾಗಿ ಹೊಟ್ಟೆಯ ಮಣ್ಣನ್ನೆಲ್ಲ ತೆಗೆದೆ. ಬಾಲದವರೆಗೂ ತೆಗೆದೆ. ಆಕಾರ ಕೆಡಲಿಲ್ಲ. ಅರವತ್ತು ವರ್ಷ ಹಿಂದೆಯೂ ಕೆಡುತ್ತಿರಲಿಲ್ಲ. ಸುಡಲು ಈಗ ಊರಲ್ಲಿ ಆವಿಗೆ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಹಸಿಯಾಗಿಯೇ ಇಟ್ಟಿದ್ದೇನೆ. ಮಳೆ ಬಂದು ಎರಚಲು ಹೊಡೆದರೆ ಕರಗಿ ಹೋಗುತ್ತದೆ. ಅಲ್ಲಿಯವರೆಗೆ ಉಸಿರಾಡಲಿ.